ಸಾವಿರಕ್ಕೆ ಎಷ್ಟು?

ಬೀಡಿ ಕಟ್ಟುವ ಕೈಗಳು ಮುಷ್ಕರದ ಮಾತನ್ನು ತೂಗಿ ನೋಡುವಾಗ

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು ಕವುಚಿ ಹಾಕಿ, ಇನ್ನೇನು ಒಂದು ಗಳಿಗೆ ಬೆನ್ನು ಚೆಲ್ಲೋಣ ಎಂದು ನಾವು ನೀವು ಯೋಚಿಸುವ ಹೊತ್ತು. ಅದೇ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಹಳ್ಳಿಮನೆಯ ಜಗಲಿಗೆ ಬನ್ನಿ. ಗೋಡೆಗೆ ಒರಗಿ ಕೂತ ಹೆಂಗಸಿನ ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ. ಬಾಯಿ ನಿಮ್ಮೊಡನೆ ಮಾತಾಡುತ್ತಿರುತ್ತದೆ, ಕಣ್ಣು ಅಂಗಳದ ಮಗುವಿನ ಮೇಲಿರುತ್ತದೆ, ಕೈ ಮಾತ್ರ ತನ್ನಷ್ಟಕ್ಕೆ ಎಲೆ ಸುತ್ತಿ, ನೂಲು ಕಟ್ಟಿ, ಬಾಯಿ ಮಡಚಿ ಬೀಡಿಯನ್ನು ಪಕ್ಕಕ್ಕೆ ಹಾಕುತ್ತಿರುತ್ತದೆ. ಇಪ್ಪತ್ತೈದಾದರೆ ಒಂದು ಕಟ್ಟು. ನಲವತ್ತು ಕಟ್ಟಾದರೆ ಸಾವಿರ.

ಅಷ್ಟರಲ್ಲಿ ತಲೆಯ ಮೇಲೆ ಬಜ್ಪೆಗೆ ಇಳಿಯುವ ವಿಮಾನದ ಸದ್ದು. ಮಗು "ವಿಮಾನ, ವಿಮಾನ" ಎಂದು ಅಂಗಳದ ತುದಿಗೆ ಓಡುತ್ತದೆ. ಅಮ್ಮ ತಲೆ ಎತ್ತುವುದಿಲ್ಲ. ಸಂಜೆ ನಾಲ್ಕಕ್ಕೆ ಬ್ರಾಂಚಿಗೆ ಬೀಡಿ ಮುಟ್ಟಿಸಬೇಕು.

"ಈ ಸಲ ಮುಷ್ಕರ ಮಾಡ್ತಾರಂತೆ, ಹೌದಾ ಅಕ್ಕಾ?" ಎಂದು ಕೇಳಿ ನೋಡಿ.

"ಮಾಡ್ತಾರಂತೆ ಅಂತ ಹೇಳ್ತಾರೆ. ಮಾಡುವುದು ಯಾರು ಮಾರಾಯ್ರೇ? ನಾವೇ ಅಲ್ವಾ?" ಎಂದು ಅವಳು ನಗುತ್ತಾಳೆ.

ಸೋದರಿಯರೇ, ಆ ನಗುವಿನ ಹಿಂದೆ ಒಂದು ದೊಡ್ಡ ಲೆಕ್ಕ ಉಂಟು. ಆ ಲೆಕ್ಕದ ಬಗ್ಗೆಯೇ ಈ ಮಾತು. ನಿಮ್ಮಲ್ಲಿ ಕೆಲವರು ಬೀಡಿ ಕಟ್ಟುವವರೇ ಇರಬಹುದು. ಕಟ್ಟದವರ ಅಕ್ಕಪಕ್ಕದ ಮನೆಯಲ್ಲಿ, ಅಥವಾ ನಿಮ್ಮ ಮನೆಗೆ ಕೆಲಸಕ್ಕೆ ಬರುವವಳ ಮನೆಯಲ್ಲಿ ಗೆರಸೆ ಇದ್ದೇ ಇರುತ್ತದೆ. ಮಜೂರಿಯ ಮಾತುಕತೆ ನಡೆಯುವಾಗಲೆಲ್ಲ ಈ ಮನೆಗಳಲ್ಲಿ ಒಂದೇ ಪ್ರಶ್ನೆ: ಮಾಲಿಕರು ಕೊಡುತ್ತೇವೆ ಅಂದಷ್ಟಕ್ಕೆ ಒಪ್ಪುವುದೋ, ಸಾಲದು ಎಂದು ಗೆರಸೆ ಕೆಳಗಿಡುವುದೋ?

ಆಕಾಶದವರೂ ಇದೇ ಲೆಕ್ಕ ಹಾಕಿದ್ದರು

ತಲೆಯ ಮೇಲೆ ಹೋದ ಆ ವಿಮಾನವನ್ನು ಕೆಳಗಿನಿಂದ ನಡೆಸುವವರೂ ಇದ್ದಾರೆ. ನಿಲ್ದಾಣದ ಗೋಪುರದಲ್ಲಿ ಕೂತು, ಯಾವ ವಿಮಾನ ಯಾವಾಗ ಇಳಿಯಬೇಕು, ಯಾವುದು ಕಾಯಬೇಕು ಎಂದು ಪೈಲಟ್‌ಗೆ ಹೇಳುವವರು. ನಮ್ಮ ಪೇಟೆಯ ನಾಲ್ಕು ದಾರಿ ಕೂಡುವಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರ ಹಾಗೆ, ಇವರು ಆಕಾಶದ ಪೊಲೀಸರು ಎನ್ನಿ.

ಅಮೆರಿಕದಲ್ಲಿ 1981ರಲ್ಲಿ ಇಂಥವರ ಸಂಘಕ್ಕೂ ಸರ್ಕಾರಕ್ಕೂ ಸಂಬಳದ ಮಾತುಕತೆ ನಡೆಯಿತು. ಸರ್ಕಾರ ಮುಂದಿಟ್ಟ ಪ್ರಸ್ತಾಪವನ್ನು ಜುಲೈನಲ್ಲಿ ಮತಕ್ಕೆ ಹಾಕಿದಾಗ ನೂರಕ್ಕೆ 95 ಮಂದಿ ಬೇಡವೆಂದರು. ಆಗಸ್ಟ್ 3ರಂದು ಸುಮಾರು 13,000 ಮಂದಿ ಕೆಲಸ ಬಿಟ್ಟು ಹೊರಬಂದರು. ತಾವಿಲ್ಲದೆ ಒಂದು ವಿಮಾನವೂ ಹಾರದು ಎಂಬ ಧೈರ್ಯ ಅವರಿಗಿತ್ತು. ಅಧ್ಯಕ್ಷ ರೊನಾಲ್ಡ್ ರೇಗನ್ 48 ಗಂಟೆಗಳ ಗಡುವು ಕೊಟ್ಟರು. ಗಡುವು ಮುಗಿದ ಮೇಲೆ, ಆಗಸ್ಟ್ 5ರಂದು, ಮರಳಿ ಬಾರದ 11,000ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದುಹಾಕಿದರು. ಮೇಲ್ವಿಚಾರಕರನ್ನೂ ಸೇನೆಯ ಜನರನ್ನೂ ಕೂರಿಸಿ ವಿಮಾನಗಳನ್ನು ನಡೆಸಿದರು. ಸರ್ಕಾರಿ ನೌಕರರು ಮುಷ್ಕರ ಹೂಡುವಂತಿಲ್ಲ ಎಂಬ ಕಾನೂನು ಅಲ್ಲಿ ಇತ್ತು. ಸಂಘದವರು ಅದನ್ನು ಹಗುರಾಗಿ ತೆಗೆದುಕೊಂಡಿದ್ದರು.

ಇದನ್ನು ಹೆದರಿಸಲಿಕ್ಕೆ ಹೇಳಿದ್ದಲ್ಲ. ಇದರಿಂದ ತಿಳಿಯುವುದು ಇಷ್ಟೇ: ಮುಷ್ಕರಕ್ಕೆ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಜಾಗದಲ್ಲಿ ಬೇರೆಯವರನ್ನು ಕೂರಿಸಲು ಅವರಿಗೆ ಎಷ್ಟು ಸುಲಭ? ಕಾನೂನು ನಮ್ಮ ಜೊತೆಗಿದೆಯೋ, ಎದುರಿಗಿದೆಯೋ?

ಆಕಾಶದವರು ಒಂದೇ ಗೋಪುರದಲ್ಲಿ ಕೂತವರು, ಒಬ್ಬರ ಮುಖ ಒಬ್ಬರು ನೋಡುವವರು. ನಮ್ಮ ಬೀಡಿಯ ಅಕ್ಕಂದಿರು ಒಬ್ಬೊಬ್ಬರು ಒಂದೊಂದು ಜಗಲಿಯಲ್ಲಿ. ಪುಂಜಾಲಕಟ್ಟೆಯವಳು ಏನು ತೀರ್ಮಾನ ಮಾಡಿದಳೆಂದು ವಿಟ್ಲದವಳಿಗೆ ಗೊತ್ತಾಗುವುದಿಲ್ಲ. ಬ್ರಾಂಚಿನಲ್ಲಿ ಸಾಲು ನಿಂತಾಗ ಆಡುವ ನಾಲ್ಕು ಮಾತೇ ಅವರ ಸಭೆ. ಹಾಗಾಗಿ ಇವರ ತೀರ್ಮಾನ ಇನ್ನೂ ಕಷ್ಟದ್ದು.

ಮನೆಯಲ್ಲಿ ಕೂತವಳೂ ಕಾರ್ಮಿಕಳೇ

"ನಾವು ಮನೆಯಲ್ಲಿ ಕೂತು ಬಿಡುವಿನಲ್ಲಿ ಕಟ್ಟುವವರು, ನಮಗೆಂಥ ಹಕ್ಕು?" ಎಂದು ಕೇಳುವವರು ಈಗಲೂ ಉಂಟು. ಅವರಿಗಾಗಿ ಸ್ವಲ್ಪ ಹಳೆಯ ಕತೆ ಹೇಳಬೇಕು.

ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 1966ರಲ್ಲಿ ಒಂದು ಕಾಯ್ದೆ ತಂದಿತು. ಮನೆಯಲ್ಲಿ ಕೂತು ಕಟ್ಟುವವಳನ್ನೂ ಅದು ಕಾರ್ಮಿಕಳೆಂದು ಲೆಕ್ಕಕ್ಕೆ ಹಿಡಿಯಿತು. ನಡುವೆ ಕಂಟ್ರಾಕ್ಟರ್ ಇದ್ದರೂ ಮಾಲಿಕರ ಜವಾಬ್ದಾರಿ ತಪ್ಪುವುದಿಲ್ಲ ಎಂದಿತು. ಮಾಲಿಕರು ಕೋರ್ಟಿಗೆ ಹೋದರು. 1974ರಲ್ಲಿ, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ನಡೆದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ನಮ್ಮ ಜಿಲ್ಲೆಯ ಜಗಲಿಯ ಮಾತು ದೆಹಲಿಯ ದೊಡ್ಡ ಕೋರ್ಟಿನವರೆಗೆ ಹೋಗಿ ಬಂತು ನೋಡಿ!

ಮುಂದೆ 1977ರಲ್ಲಿ ಭವಿಷ್ಯ ನಿಧಿ, ಅಂದರೆ ನಾವೆಲ್ಲ ಪಿ.ಎಫ್. ಎನ್ನುವುದು, ಬೀಡಿ ಉದ್ಯಮಕ್ಕೂ ಬಂತು. ಮನೆಯಲ್ಲಿ ಕಟ್ಟುವವರಿಗೆ ಅದು ಸಲ್ಲದು ಎಂಬ ವಾದ ಮತ್ತೆ ಎದ್ದಿತು. ಸಲ್ಲುತ್ತದೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿಯೇ ಇಂದು ಎಷ್ಟೋ ಅಜ್ಜಿಯರು ಬ್ಯಾಂಕಿಗೆ ಹೋಗಿ "ನನ್ನ ಬೀಡಿಯ ಪಿಂಚಣಿ ಬಂತಾ ಮಗಾ?" ಎಂದು ಕೇಳುವುದು. ಮೊತ್ತ ಸಣ್ಣದು, ನಿಜ. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿದರು. ಆದರೂ ಸೊಸೆಯ ಮುಂದೆ ಕೈ ಚಾಚದೆ ಎಲೆಯಡಿಕೆಗೆ, ಮಾತ್ರೆಗೆ ಆಗುವಷ್ಟು ತನ್ನದೇ ದುಡ್ಡು ಎಂಬುದು ಸಣ್ಣ ಮಾತೇ?

ಈಚೆಗೆ ಇನ್ನೊಂದು ಬದಲಾವಣೆ ಆಗಿದೆ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1966ರ ಬೀಡಿ ಕಾಯ್ದೆಯೂ ಅವುಗಳಲ್ಲಿ ಸೇರಿಹೋಯಿತು. ಮುಷ್ಕರದ ಮಟ್ಟಿಗೆ ನೀವು ತಿಳಿದಿರಬೇಕಾದದ್ದು ಇಷ್ಟು. ಮೊದಲು ನೀರು, ವಿದ್ಯುತ್, ರೈಲು, ವಿಮಾನದಂಥ ಸಾರ್ವಜನಿಕ ಸೇವೆಗಳಲ್ಲಿ ಮಾತ್ರ ಮುಷ್ಕರಕ್ಕೆ ಮುಂಚಿತ ನೋಟೀಸು ಕಡ್ಡಾಯವಿತ್ತು. ಈಗ ಎಲ್ಲ ಉದ್ಯಮಗಳಿಗೂ ಅದು ಬಂದಿದೆ. ನೋಟೀಸು ಕೊಟ್ಟು 14 ದಿನ ಕಳೆಯದೆ ಕೆಲಸ ನಿಲ್ಲಿಸುವಂತಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ರಾಜಿ ಮಾತುಕತೆ ನಡೆಯುತ್ತಿರುವಾಗಲೂ, ಅದು ಮುಗಿದ ಮೇಲೆ 7 ದಿನದ ತನಕವೂ ನಿಲ್ಲಿಸುವಂತಿಲ್ಲ. ನೋಟೀಸಿನ ಕೆಲಸ ಸಂಘದ್ದು. ಆದರೆ "ನೋಟೀಸು ಕೊಟ್ಟಾಯಿತಾ? ಯಾವ ತಾರೀಕಿಗೆ?" ಎಂದು ಕೇಳುವುದು ನಿಮ್ಮ ಕೆಲಸ. ಯಾರೋ ಬಸ್ ಸ್ಟ್ಯಾಂಡಿನಲ್ಲಿ "ನಾಳೆಯಿಂದ ಬೀಡಿ ಕೊಡಬೇಡಿ" ಎಂದರೆ ಅಷ್ಟಕ್ಕೇ ಗೆರಸೆ ಕೆಳಗಿಡಬೇಡಿ.

ಕೊಡುತ್ತೇವೆ ಅಂದದ್ದು ಎಷ್ಟು? ಸರಿಯಾಗಿ ಕೇಳಿ

"ಸಾವಿರಕ್ಕೆ ಇಷ್ಟು ಹೆಚ್ಚಾಯಿತು" ಎಂಬ ಸುದ್ದಿ ಊರಿಡೀ ಹರಡುತ್ತದೆ. ಆ ಒಂದು ಅಂಕಿಯನ್ನು ನಂಬಿ ಹೌದು ಎನ್ನಲೂಬೇಡಿ, ಬೇಡ ಎನ್ನಲೂಬೇಡಿ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುತ್ತೀರಿ ತಾನೆ? ಇದನ್ನೂ ಹಾಗೆಯೇ ಬಿಡಿಸಿ ನೋಡಿ.

ಮೊದಲನೆಯದು, ಹೆಚ್ಚಾದದ್ದು ಮೂಲ ಮಜೂರಿಯೋ, ತುಟ್ಟಿಭತ್ಯೆಯೋ? ತುಟ್ಟಿಭತ್ಯೆ ಬೆಲೆಯೇರಿಕೆಯ ಸೂಚ್ಯಂಕ ನೋಡಿ ಕೊಡುವಂಥದು. ಅಕ್ಕಿ, ಎಣ್ಣೆ, ಬೇಳೆಯ ಕ್ರಯ ಏರಿದ್ದಕ್ಕೆ ಕೊಡುವ ಪರಿಹಾರ ಅದು. ಹೇಗೂ ಕೊಡಬೇಕಾದ ತುಟ್ಟಿಭತ್ಯೆಯನ್ನೇ ಹೊಸ ಏರಿಕೆ ಎಂದು ತೋರಿಸಿದರೆ ನಿಮ್ಮ ಕೈಗೆ ನಿಜವಾಗಿ ಹೆಚ್ಚು ಬಂದದ್ದು ಸೊನ್ನೆ.

ಎರಡನೆಯದು, ಯಾವ ತಾರೀಕಿನಿಂದ? ಹಿಂದಿನ ಬಾಕಿ ಕೊಡುತ್ತಾರೋ ಇಲ್ಲವೋ? ಎಷ್ಟು ವರ್ಷದ ಒಪ್ಪಂದ?

ಮೂರನೆಯದು, ವಾರಕ್ಕೆ ಎಷ್ಟು ದಿನದ ಕೆಲಸ? ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ದರ ಏರಿಸಿ, ಎಲೆ ಹೊಗೆಸೊಪ್ಪು ಕೊಡುವ ದಿನ ಕಡಿಮೆ ಮಾಡಿದರೆ ವಾರದ ದುಡ್ಡು ಏರುವ ಬದಲು ಇಳಿಯುತ್ತದೆ.

ನಾಲ್ಕನೆಯದು, ಎಲೆಯ ಮಾತು. ಕೊಟ್ಟ ಎಲೆ ತೂತು, ಚುಕ್ಕೆ, ಒಣಗಿದ್ದು ಎಂದಾದರೆ ಅಷ್ಟು ತೂಕದಲ್ಲಿ ಸಾವಿರ ಆಗುವುದಿಲ್ಲ. ಕೊರತೆಯಾದ ಎಲೆಯನ್ನು ನೀವು ಕೈಯಿಂದ ದುಡ್ಡು ಹಾಕಿ ಕೊಳ್ಳುತ್ತಿದ್ದರೆ ಅದನ್ನು ಮಜೂರಿಯಿಂದ ಕಳೆದು ಲೆಕ್ಕ ಹಾಕಿ. ಏರಿಕೆಯ ದುಡ್ಡೆಲ್ಲ ಎಲೆಯ ಅಂಗಡಿಗೇ ಹೋಗುವುದೂ ಉಂಟು.

ಐದನೆಯದು, ತಿರಸ್ಕರಿಸಿದ ಬೀಡಿ. 1966ರ ಕಾಯ್ದೆಯ ಕೆಳಗೆ ಅಂದಿನ ಮೈಸೂರು ರಾಜ್ಯ ಮಾಡಿದ ನಿಯಮದಲ್ಲಿ, ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ಸರಿಯಿಲ್ಲವೆಂದು ತೆಗೆದುಹಾಕುವಂತಿಲ್ಲ ಎಂದಿತ್ತು. ಬೇಕೆಂದೇ ಕೆಡಿಸಿದ್ದಲ್ಲವಾದರೆ ಹಾಗೆ ತೆಗೆದ ಬೀಡಿಗೂ ಅರ್ಧ ಮಜೂರಿ ಕೊಡಬೇಕಿತ್ತು. 1974ರ ತೀರ್ಪಿನಲ್ಲಿ ಆ ನಿಯಮವೂ ಗೆದ್ದಿತ್ತು. ಹೊಸ ಒಪ್ಪಂದದಲ್ಲಿ ಈ ಬಗ್ಗೆ ಏನು ಬರೆದಿದ್ದಾರೆಂದು ಕೇಳಿ. ಅದಕ್ಕಿಂತ ಕೆಳಗೆ ಇಳಿಯಲು ಒಪ್ಪಬೇಡಿ.

ಕೊನೆಯದಾಗಿ ಒಂದು ಮಾತು ಸೆರಗಿಗೆ ಗಂಟು ಹಾಕಿಕೊಳ್ಳಿ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಮಜೂರಿಗಿಂತ ಕಡಿಮೆಗೆ ಯಾರು ಒಪ್ಪಿ ಸಹಿ ಹಾಕಿದರೂ ಆ ಸಹಿಗೆ ಬೆಲೆ ಇಲ್ಲ. ಚೌಕಾಸಿ ನಡೆಯಬೇಕಾದದ್ದು ಆ ಗೆರೆಯಿಂದ ಮೇಲಕ್ಕೆ, ಕೆಳಕ್ಕಲ್ಲ.

ಅಡಿಗೆಮನೆಯ ಲೆಕ್ಕ

ಈಗ ಪೆನ್ಸಿಲು ತೆಗೆದುಕೊಳ್ಳಿ. ಇದು ಬರಿಯ ಉದಾಹರಣೆ. ನಿಮ್ಮ ಬ್ರಾಂಚಿನ ದರವನ್ನು ನೀವೇ ಹಾಕಿಕೊಳ್ಳಿ.

ಸಾವಿರಕ್ಕೆ ಎಲ್ಲ ಸೇರಿ 300 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 600 ಬೀಡಿ, ವಾರಕ್ಕೆ ಐದು ದಿನ ಕೆಲಸ. ವಾರಕ್ಕೆ 3,000 ಬೀಡಿ, ಅಂದರೆ 900 ರೂಪಾಯಿ. ಮಾಲಿಕರು ಸಾವಿರಕ್ಕೆ 8 ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನುತ್ತಾರೆ. ಸಂಘ 20 ರೂಪಾಯಿ ಬೇಕು ಎನ್ನುತ್ತದೆ.

8 ರೂಪಾಯಿಗೆ ಒಪ್ಪಿದರೆ ವಾರಕ್ಕೆ 24 ರೂಪಾಯಿ ಹೆಚ್ಚು. 20 ಸಿಕ್ಕಿದರೆ ವಾರಕ್ಕೆ 60. ಎರಡಕ್ಕೂ ವ್ಯತ್ಯಾಸ ವಾರಕ್ಕೆ 36 ರೂಪಾಯಿ. ವರ್ಷದಲ್ಲಿ 50 ವಾರ ಹಿಡಿದರೆ 1,800.

ಎರಡು ವಾರ ಮುಷ್ಕರ ನಡೆದರೆ ನಿಮಗೆ ತಪ್ಪುವ ಮಜೂರಿಯೂ 1,800. ಅಂದರೆ ಕೇಳಿದ್ದೆಲ್ಲ ಸಿಕ್ಕಿದರೆ ಒಂದು ವರ್ಷದಲ್ಲಿ ನಷ್ಟ ತುಂಬಿಬರುತ್ತದೆ. ಕೊನೆಗೆ ನಡುವೆ ರಾಜಿಯಾಗಿ 14 ರೂಪಾಯಿಗೆ ನಿಂತರೆ, ಮಾಲಿಕರು ಮೊದಲು ಅಂದದ್ದಕ್ಕಿಂತ ವಾರಕ್ಕೆ 18 ರೂಪಾಯಿ ಹೆಚ್ಚು. ನಷ್ಟ ತುಂಬಲು ಎರಡು ವರ್ಷ. ಮುಷ್ಕರ ನಾಲ್ಕು ವಾರಕ್ಕೆ ಎಳೆದರೆ ಎಲ್ಲವೂ ಇಮ್ಮಡಿ.

"ಹಾಗಾದರೆ ಮುಷ್ಕರವೇ ಬೇಡ ಅಲ್ವಾ?" ಎನ್ನುತ್ತೀರೇನೋ. ತಡೆಯಿರಿ, ತಕ್ಕಡಿಯ ಇನ್ನೊಂದು ತಟ್ಟೆ ನೋಡೋಣ. ಮೂಲ ಮಜೂರಿ ಒಮ್ಮೆ ಏರಿದರೆ ಮುಂದಿನ ಏರಿಕೆಗಳೆಲ್ಲ ಆ ಬುಡದ ಮೇಲೆಯೇ ನಿಲ್ಲುತ್ತವೆ. ಪಿ.ಎಫ್.ಗೆ ಬೀಡಿ ಉದ್ಯಮದಲ್ಲಿ ನೂರಕ್ಕೆ 10ರಂತೆ ನಿಮ್ಮ ಪಾಲು ಹೋಗುತ್ತದೆ, ಅಷ್ಟೇ ಮಾಲಿಕರ ಪಾಲೂ ಸೇರುತ್ತದೆ. ಮಜೂರಿ ಏರಿದರೆ ಅದೂ ಏರುತ್ತದೆ. ಇನ್ನೂ ಒಂದು ಉಂಟು, ಅದು ಅಂಕಿಯಲ್ಲಿ ಸಿಗುವುದಿಲ್ಲ. ಕೊಟ್ಟಷ್ಟಕ್ಕೆ ತಲೆಯಾಡಿಸುತ್ತಾರೆ ಎಂದು ಒಮ್ಮೆ ಗೊತ್ತಾದರೆ ಮುಂದಿನ ಸಲ 8 ಹೋಗಿ 4 ಆಗುತ್ತದೆ.

ಹಾಗಾಗಿ ಲೆಕ್ಕ ಹಾಕುವುದು ಹೆದರಿ ಹಿಂದೆ ಸರಿಯಲಿಕ್ಕಲ್ಲ. ಎಷ್ಟು ದಿನ ತಡೆದುಕೊಳ್ಳಬಲ್ಲೆವು, ಎಲ್ಲಿಗೆ ಬಂದರೆ ರಾಜಿಗೆ ಒಪ್ಪಬಹುದು ಎಂದು ಮೊದಲೇ ತಿಳಿದಿರಲಿಕ್ಕೆ.

ನೆರೆಮನೆಯ ಕತ್ತರಿಯ ಸದ್ದು

ನನ್ನ ಅಮ್ಮನೂ ಬೀಡಿ ಕಟ್ಟಿದವಳೇ. ಬಂಟ್ವಾಳ ಕಡೆಯ ನಮ್ಮ ಮನೆಯಲ್ಲಿ ಅವಳ ಪಾಸ್ ಬುಕ್ಕು ಬಿಸ್ಕತ್ತಿನ ಡಬ್ಬಿಯಲ್ಲಿ, ರೇಷನ್ ಕಾರ್ಡಿನ ಕೆಳಗೆ ಇರುತ್ತಿತ್ತು. ನಾನು ಆರನೆಯ ತರಗತಿಯಲ್ಲಿದ್ದಾಗ ಒಮ್ಮೆ ಮಜೂರಿಯ ತಕರಾರಿನಲ್ಲಿ ಕೆಲಸ ನಿಂತಿತು. ಮೊದಲ ವಾರ ನಮಗೆ ಮಕ್ಕಳಿಗೆ ಹಬ್ಬವೇ. ಅಮ್ಮನ ಕೈಗೆ ಪುರುಸೊತ್ತು ಉಂಟಲ್ಲ! ತಲೆ ಬಾಚಿ ಎರಡು ಜಡೆ ಹಾಕಿದಳು, ಕೆಸುವಿನೆಲೆ ಕೊಯ್ದು ಪತ್ರೊಡೆ ಮಾಡಿದಳು. ಎರಡನೆಯ ವಾರ ಕುಚ್ಚಲಕ್ಕಿ ಗಂಜಿಗೆ ಹಲಸಿನ ಬೀಜದ ಪಲ್ಯ. ಮೂರನೆಯ ವಾರ ಗಂಜಿಯಲ್ಲಿ ಅನ್ನ ಕಡಿಮೆ, ತಿಳಿ ಜಾಸ್ತಿ.

ಒಂದು ರಾತ್ರಿ ಅಮ್ಮ ನನ್ನನ್ನು ತಟ್ಟಿ, "ಕೇಳ್ತಾ ಉಂಟಾ?" ಎಂದಳು. ಪಕ್ಕದ ಮನೆಯಿಂದ ಕತ್ತರಿಯ ಸದ್ದು. ಕಟಕ್, ಕಟಕ್. ಎಲೆ ಕತ್ತರಿಸುವ ಸದ್ದು ಬೇರೆ ಯಾವ ಸದ್ದಿನ ಹಾಗೂ ಇರುವುದಿಲ್ಲ. ಉಳಿಸಿಟ್ಟ ಎಲೆಯಲ್ಲಿ ಆಕೆ ಗುಟ್ಟಾಗಿ ಕಟ್ಟಿ, ಅರ್ಧ ಕ್ರಯಕ್ಕೆ ಯಾರಿಗೋ ಕೊಡುತ್ತಿದ್ದಳು. ಬೆಳಿಗ್ಗೆ ಅಮ್ಮ ಜಗಳಕ್ಕೆ ಹೋಗುತ್ತಾಳೆಂದು ನಾನು ಕಾದೆ. ಅಮ್ಮ ಹೋದದ್ದು ನಿಜ. ಸೆರಗಿನಡಿಯಲ್ಲಿ ಒಂದು ಸೇರು ಅಕ್ಕಿ ಇತ್ತು. "ಇದು ಮುಗಿದರೆ ಹೇಳು. ಆದರೆ ಕತ್ತರಿ ತೆಗೀಬೇಡ ಮಾರಾಯ್ತಿ" ಎಂದಳಂತೆ. ಆಕೆ ಅಮ್ಮನ ಕೈ ಹಿಡಿದುಕೊಂಡು ಅತ್ತಳಂತೆ. ಮನೆಯಲ್ಲಿ ಎರಡು ದಿನದಿಂದ ಅಕ್ಕಿಯೇ ಇರಲಿಲ್ಲ.

ಅಮ್ಮ ಆಮೇಲೆ ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಮುಷ್ಕರ ಮುರಿಯುವುದು ಮಾಲಿಕ ಅಲ್ಲ ಮಗಾ. ಯಾರ ಮನೆಯ ಅಕ್ಕಿ ಮೊದಲು ಖಾಲಿಯಾಗುತ್ತದೋ ಅಲ್ಲಿ ಅದು ಮುರಿಯುತ್ತದೆ."

ಆ ಸಲ ಕೇಳಿದಷ್ಟು ಸಿಗಲಿಲ್ಲ, ಕೊಡುತ್ತೇವೆ ಅಂದದ್ದಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ನನ್ನ ಏಳನೆಯ ತರಗತಿಯ ಪುಸ್ತಕ ಬಂದದ್ದು ಆ ಸ್ವಲ್ಪದಲ್ಲಿ.

ಹಾಗಾಗಿ ಸೋದರಿಯರೇ, ನಿಮ್ಮ ಊರಿನಲ್ಲಿ ಮುಷ್ಕರದ ಮಾತು ಎದ್ದರೆ ಮೊದಲು ಒಂದು ಪಟ್ಟಿ ಮಾಡಿ. ನಿಮ್ಮ ಬ್ರಾಂಚಿನಲ್ಲಿ ಬೀಡಿಯ ದುಡ್ಡೊಂದನ್ನೇ ನಂಬಿದ ಮನೆ ಎಷ್ಟು? ಗಂಡ ತೀರಿಕೊಂಡವಳು, ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವವಳು, ಬಸುರಿ, ಬಾಣಂತಿ ಯಾರು? ಸ್ವಸಹಾಯ ಸಂಘದ ವಾರದ ಕಂತು ಯಾರಿಗೆ ಕಟ್ಟಲಿಕ್ಕಿದೆ? ಬೀಡಿಯ ದುಡ್ಡು ಬಂದ ದಿನವೇ ಕಂತು ಕಟ್ಟುವ ಮನೆ ನಮ್ಮ ಕಡೆ ಬೇಕಾದಷ್ಟು ಉಂಟು. ಕಂತಿಗೆ ಎರಡು ವಾರ ಸಮಯ ಕೊಡಿ ಎಂದು ಸಂಘದ ಸಭೆಯಲ್ಲಿ ಮೊದಲೇ ಕೇಳಿ. ಮನೆಗೆ ಒಂದು ಸೇರಿನಂತೆ ಅಕ್ಕಿ ಒಟ್ಟುಮಾಡಿ ಇಂಥ ಮನೆಗಳಿಗೆ ಇಡಿ. ಬೀಡಿ ಕಟ್ಟದ ಗೃಹಿಣಿಯರೂ ಇಲ್ಲಿ ಕೈ ಜೋಡಿಸಬಹುದಲ್ಲ? 2020ರ ಲಾಕ್‌ಡೌನಿನಲ್ಲಿ ಬ್ರಾಂಚುಗಳು ಮುಚ್ಚಿ ಕೆಲಸವೇ ನಿಂತಾಗ ಗೆರಸೆ ಬರಿದಾದ ಮನೆ ಹೇಗಿರುತ್ತದೆಂದು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಕಣ್ಣೂರಿನಲ್ಲಿ ಏನಾಯಿತು?

ಇನ್ನು ಆ ಮೊದಲ ಪ್ರಶ್ನೆ: ನಮ್ಮ ಜಾಗದಲ್ಲಿ ಬೇರೆಯವರನ್ನು ಕೂರಿಸಲು ಎಷ್ಟು ಸುಲಭ? ಬೀಡಿಗೆ ಯಂತ್ರ ಬೇಡ, ಕಟ್ಟಡ ಬೇಡ. ಎಲೆಯ ಮೂಟೆ ಲಾರಿ ಹತ್ತಿದರೆ ಕೆಲಸವೂ ಲಾರಿ ಹತ್ತುತ್ತದೆ.

ಇದು ಬರಿಯ ಹೆದರಿಕೆಯಲ್ಲ, ನಡೆದದ್ದೇ. 1966ರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ, 1968ರ ಅಕ್ಟೋಬರ್‌ನಲ್ಲಿ, ಮಂಗಳೂರಿನ ದೊಡ್ಡ ಬೀಡಿ ಕಂಪೆನಿಗಳು ಕಣ್ಣೂರಿನಲ್ಲಿದ್ದ ತಮ್ಮ ಕೆಲಸವನ್ನು ಮುಚ್ಚಿ ಬಂದುಬಿಟ್ಟವು. ಸುಮಾರು 12,000 ಮಂದಿಯ ಕೈ ಬರಿದಾಯಿತು. ಅಲ್ಲಿನವರು ಸುಮ್ಮನೆ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಸರ್ಕಾರದ ನೆರವಿನಿಂದ ತಮ್ಮದೇ ಸಹಕಾರ ಸಂಘ ಕಟ್ಟಿದರು. ಅದೇ ಕೇರಳ ದಿನೇಶ್ ಬೀಡಿ. ಮಾಲಿಕರೂ ಅವರೇ, ಕಟ್ಟುವವರೂ ಅವರೇ. ಮುಂದೆ ಬೀಡಿ ಸೇದುವವರು ಕಡಿಮೆಯಾಗುತ್ತ ಬಂದಾಗ ಅದೇ ಸಂಘ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ, ಬಟ್ಟೆ ಎಂದು ಬೇರೆ ಕೆಲಸಗಳಿಗೂ ಕೈ ಹಾಕಿತು.

ಈ ಕತೆಯಲ್ಲಿ ಎರಡೂ ಉಂಟು, ಎಚ್ಚರವೂ ಧೈರ್ಯವೂ. ಒಂದು ಊರಿನವರು ಮಾತ್ರ ಹಟ ಹಿಡಿದರೆ ಕೆಲಸ ಪಕ್ಕದ ಊರಿಗೆ ಹೋಗುತ್ತದೆ. ಬಂಟ್ವಾಳದವಳು ಗೆರಸೆ ಇಟ್ಟು ಬೆಳ್ತಂಗಡಿಯವಳು ಕಟ್ಟುತ್ತಿದ್ದರೆ ಏನು ಫಲ? ಮೂರು ತಾಲೂಕಿನವರೂ ಒಟ್ಟಾಗಿ ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ. ಹಾಗಾದಾಗಲೇ ಅದಕ್ಕೆ ತೂಕ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಬೀಡಿ ಸೇದುವುದು ಆರೋಗ್ಯಕ್ಕೆ ಮಾರಕ. ಹೊಗೆಸೊಪ್ಪಿನ ಪುಡಿಯ ನಡುವೆ ದಿನವಿಡೀ ಕೂತವಳ ಕೆಮ್ಮು, ಬೆನ್ನುನೋವು ನಮಗೆ ಗೊತ್ತಿದ್ದದ್ದೇ. 2016ರ ಏಪ್ರಿಲ್‌ನಿಂದ ಬೀಡಿ ಕಟ್ಟಿನ ಮೇಲೂ ನೂರಕ್ಕೆ 85 ಪಾಲು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಬೇಕೆಂದು ಬಂತು. ಬೀಡಿ ಕಟ್ಟುವ ಯಾವ ತಾಯಿಯೂ ಮಗಳ ಮಡಿಲಿಗೆ ಗೆರಸೆ ಬರಲಿ ಎಂದು ಬಯಸುವುದಿಲ್ಲ. ಹಾಗಾದರೆ ಇಂದಿನ ಮಜೂರಿಯ ಜಗಳ ಯಾಕೆ? ಅದಕ್ಕೇ! ಮಗಳು ಓದಿ ಈ ಗೆರಸೆಯಿಂದ ಏಳಬೇಕಾದರೆ, ಅವಳ ಫೀಸು, ಬಸ್ಸಿನ ದುಡ್ಡು ಇಂದು ಈ ಗೆರಸೆಯಿಂದಲೇ ಬರಬೇಕು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೂ ಉಂಟು. ಅದಕ್ಕೆ ತಾಯಿಯ ಹೆಸರಿನ ಗುರುತಿನ ಚೀಟಿ ಬೇಕು.

ಸಭೆಗೆ ಹೋಗುವ ಮೊದಲು

ಕೊನೆಗೆ ನಾಲ್ಕು ಮನೆಮಾತು ಹೇಳಿ ಮುಗಿಸುತ್ತೇನೆ.

ನಿಮ್ಮ ಪಾಸ್ ಬುಕ್ಕು ನಿಮ್ಮ ಹೆಸರಿನಲ್ಲೇ ಇರಲಿ. ಅಕ್ಕನ ಹೆಸರಿನಲ್ಲಿ ತಂಗಿ, ಅತ್ತೆಯ ಹೆಸರಿನಲ್ಲಿ ಸೊಸೆ ಕಟ್ಟುವುದು ನಮ್ಮಲ್ಲಿ ಅಭ್ಯಾಸ. ಪಿಂಚಣಿಗೆ ಹತ್ತು ವರ್ಷದ ಸೇವೆ ತೋರಿಸಬೇಕಾದಾಗ ಆಕೆಯ ಕೈಯಲ್ಲಿ ಏನೂ ಇರುವುದಿಲ್ಲ. ಹೆಸರಿಲ್ಲದವಳ ಮುಷ್ಕರವೂ ಲೆಕ್ಕಕ್ಕೆ ಬರುವುದಿಲ್ಲ.

ಬೀಡಿ ಕೊಟ್ಟ ದಿನವೇ ಬರಸಿಕೊಳ್ಳಿ. ಎಷ್ಟು ಕೊಟ್ಟಿರಿ, ಎಷ್ಟು ತೆಗೆದುಹಾಕಿದರು, ಎಷ್ಟು ಎಲೆ ಬಂತು ಎಂದು ಮಗುವಿನ ಹಳೆಯ ನೋಟು ಪುಸ್ತಕದಲ್ಲಿ ನೀವೂ ಬರೆದಿಡಿ. ಮಾತುಕತೆಯಲ್ಲಿ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ಬೆಲೆ ಹೆಚ್ಚು.

ಸಭೆಗೆ ಒಬ್ಬೊಬ್ಬರೇ ಹೋಗಬೇಡಿ, ಐದಾರು ಮಂದಿ ಒಟ್ಟಿಗೆ ಹೋಗಿ. ಬಿ.ಸಿ. ರೋಡಿನಲ್ಲೋ ಗುರುವಾಯನಕೆರೆಯಲ್ಲೋ ಸಂಜೆ ಆರಕ್ಕೆ ಸಭೆ ಇಟ್ಟರೆ ಹೆಂಗಸರು ಬರುವುದು ಹೇಗೆ? ಮಧ್ಯಾಹ್ನ ಇಡಿ ಎಂದು ಕೇಳಿ. ವೇದಿಕೆಯಲ್ಲಿ ಗಂಡಸರು, ಕೆಳಗೆ ಚಪ್ಪಾಳೆ ತಟ್ಟಲಿಕ್ಕೆ ಹೆಂಗಸರು ಎಂಬುದು ಇನ್ನು ಸಾಕು. ಕಟ್ಟುವ ಕೈ ಯಾರದೋ, ತೀರ್ಮಾನದ ಮಾತೂ ಅವರದೇ ಆಗಬೇಕು.

ಮನೆಯವರೊಡನೆ ಮೊದಲೇ ಮಾತಾಡಿ. "ಎರಡು ವಾರ ನನ್ನ ದುಡ್ಡು ಬರಲಿಕ್ಕಿಲ್ಲ, ಏನು ಮಾಡುವಾ?" ಎಂದು ಗಂಡನನ್ನು, ಅತ್ತೆಯನ್ನು ಕೇಳಿ. ಬೀಡಿಯ ದುಡ್ಡು ಮನೆಗೆ ಎಷ್ಟು ಆಧಾರವಾಗಿತ್ತೆಂದು ಎಷ್ಟೋ ಮನೆಯ ಗಂಡಸರಿಗೆ ಗೊತ್ತಾಗುವುದು ಅದು ನಿಂತ ವಾರವೇ!

ಒಪ್ಪುವುದಾದರೆ ಲೆಕ್ಕ ನೋಡಿ ಒಪ್ಪಿ, ಬೇಡವೆನ್ನುವುದಾದರೂ ಲೆಕ್ಕ ನೋಡಿಯೇ ಬೇಡವೆನ್ನಿ. ಎರಡರಲ್ಲೂ ಅವಮಾನವಿಲ್ಲ. ಏನೂ ಕೇಳದೆ, ಯಾರೋ ಅಂದರೆಂದು ತಲೆಯಾಡಿಸುವುದು ಮಾತ್ರ ಬೇಡ.

ಅಂಗಳದ ಮಗು ಮರಳಿ ಬಂದು ಅಮ್ಮನ ಬೆನ್ನಿಗೆ ಜೋತುಬಿದ್ದಿದೆ. "ಅಮ್ಮಾ, ವಿಮಾನ ಇಳಿಸುವವರಿಗೆ ಸಂಬಳ ಎಷ್ಟು?" ಅಮ್ಮ ನೂಲು ಬಿಗಿದು, ಇಪ್ಪತ್ತೈದನೆಯ ಬೀಡಿಯನ್ನು ಕಟ್ಟಿಗೆ ಸೇರಿಸಿ, "ನನಗೆ ಗೊತ್ತಿಲ್ಲ ಮಗಾ. ನನ್ನದು ಸಾವಿರಕ್ಕೆ ಎಷ್ಟು ಅಂತ ಮಾತ್ರ ನನಗೆ ಸರಿಯಾಗಿ ಗೊತ್ತುಂಟು" ಎನ್ನುತ್ತಾಳೆ.

ಗೊತ್ತಿರುವುದೇ ಅರ್ಧ ಬಲ. ಉಳಿದ ಅರ್ಧ ಪಕ್ಕದ ಜಗಲಿಯಲ್ಲಿ ಉಂಟು. ಇವತ್ತು ಸಂಜೆ ಬೀಡಿ ಕೊಟ್ಟು ಬರುವಾಗ ಅವಳನ್ನೂ ಒಮ್ಮೆ ಮಾತಾಡಿಸಿ ಬನ್ನಿ.